ಒಳಯಂತ್ರದ ತೊದಲು ಮತ್ತು ಸಿಬ್ಬಂದಿಯ ಕಿವಿ ತಪಾಸಣೆ ಕುರಿತು

ಅಹವಾಲು ಆಲಿಕೆ ಇಲಾಖೆ
ಧ್ವನಿ ಶಾಖೆ (ಹಿಂಬದಿಯ ಮೆಟ್ಟಿಲಿನಿಂದ ಬರತಕ್ಕದ್ದು)

ಸಂಖ್ಯೆ: ಅಆಇ/ಧ್ವನಿ/ಒಳ/ಹೊರ/ಮತ್ತೆ ಒಳ

ಸುತ್ತೋಲೆ

ವಿಷಯ: ವರ್ಚುವಲ್ ಮಷೀನಿನಲ್ಲಿ ಧ್ವನಿ ಕಡಿಕಡಿದು ಕೇಳಿಸುತ್ತಿರುವ ಬಗ್ಗೆ ಹಾಗೂ ತತ್ಸಂಬಂಧ ಸದರಿ ಮಷೀನನ್ನು ಹೊರತುಪಡಿಸಿ ಉಳಿದೆಲ್ಲವನ್ನೂ ಪರಿಶೀಲಿಸುವ ಬಗ್ಗೆ.

ಉಲ್ಲೇಖ:
1. ಗಣಕ ತಂತ್ರಜ್ಞರ ವರದಿ (ಓದಲಾಗಿದೆ).
2. ಸದರಿಯವರ ನೆನಪೋಲೆ (ಓದಲಾಗಿಲ್ಲ).
3. ಹಿರಿಯ ಬೆರಳಚ್ಚುಗಾರ್ತಿಯವರ ಮನವಿ.
4. ಮೇಲಿನ ಮೂರಕ್ಕೂ ಯಾರೂ ಉತ್ತರಿಸಕೂಡದೆಂಬ ಈ ಕಚೇರಿಯ ಹಿಂದಿನ ಸುತ್ತೋಲೆ.

ಸಾರ್ವಜನಿಕರು ಫೋನಿನಲ್ಲಿ ಹೇಳಿಕೊಳ್ಳುವ ಅಹವಾಲುಗಳನ್ನು ಧ್ವನಿಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ, ಬೆರಳಚ್ಚು ಮಾಡಿ, ಸಂಬಂಧಪಟ್ಟವರಿಗೆ ದಾಟಿಸುವುದು ಈ ಶಾಖೆಯ ಏಕೈಕ ಕೆಲಸವಾಗಿರುತ್ತದೆ. ಧ್ವನಿ ಕೇಳಿಸುವ ಸಾಫ್ಟ್‌ವೇರ್ ಬಹಳ ಹಳೆಯದು; ಹೊಸ ಕಂಪ್ಯೂಟರುಗಳು ಅದನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಆದ್ದರಿಂದ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರೊಂದು ಇರುವಂತೆ ನಟಿಸುವ ವ್ಯವಸ್ಥೆಯನ್ನು, ಅಂದರೆ ವರ್ಚುವಲ್ ಮಷೀನನ್ನು, ಅಳವಡಿಸಲಾಗಿದೆ. ಇದನ್ನು ಇನ್ನು ಮುಂದೆ ‘ಒಳಯಂತ್ರ’ ಎಂದೂ, ಇದನ್ನು ಹೊತ್ತಿರುವ ಕಂಪ್ಯೂಟರನ್ನು ‘ಹೊರಯಂತ್ರ’ ಎಂದೂ ಕರೆಯತಕ್ಕದ್ದು. ಒಳಯಂತ್ರ ಬಂದಾಗಿನಿಂದ ಧ್ವನಿ ತೊದಲುತ್ತಿದೆ, ಚರಚರ ಎನ್ನುತ್ತಿದೆ, ನಡುನಡುವೆ ಬಾಯಿ ಮುಚ್ಚಿಕೊಳ್ಳುತ್ತಿದೆ. ಕಚೇರಿ ಕೈಕಟ್ಟಿ ಕುಳಿತಿದೆಯೆಂಬ ಗೊಣಗಾಟ ಕ್ಯಾಂಟೀನಿನವರೆಗೂ ಹಬ್ಬಿರುವುದರಿಂದ, ಕಚೇರಿ ಏನೇನು ಮಾಡಿತೆಂಬುದನ್ನು ಸರ್ವರ ಅವಗಾಹನೆಗೆ ತಂದು, ಕೆಳಕಂಡಂತೆ ಆದೇಶಿಸಲಾಗಿದೆ.

1. ತಂತ್ರಜ್ಞರು ತಮ್ಮ ವರದಿಯಲ್ಲಿ, ಹೊರಯಂತ್ರವು ತನ್ನ ಶಕ್ತಿಯಲ್ಲಿ ತೀರಾ ಸಣ್ಣ ಪಾಲನ್ನು ಮಾತ್ರ ಒಳಯಂತ್ರಕ್ಕೆ ಬಿಟ್ಟುಕೊಟ್ಟಿರುವುದರಿಂದ ಧ್ವನಿ ಹೊತ್ತಿಗೆ ಸರಿಯಾಗಿ ಬಂದು ತಲುಪುತ್ತಿಲ್ಲವೆಂದೂ, ಪಾಲು ಹೆಚ್ಚಿಸಿ ಧ್ವನಿಯ ಸೆಟ್ಟಿಂಗ್ ಒಂದನ್ನು ಬದಲಿಸಿದರೆ ಚಹಾ ಆರುವುದರೊಳಗೆ ಸರಿಹೋಗುತ್ತದೆಂದೂ ತಿಳಿಸಿರುತ್ತಾರೆ. ಇಷ್ಟು ಸುಲಭದ ಪರಿಹಾರವನ್ನು ಲಿಖಿತವಾಗಿ ಸೂಚಿಸಿದ್ದಕ್ಕಾಗಿ ಸದರಿಯವರಿಂದ ವಿವರಣೆ ಕೇಳಲಾಗಿದೆ.

2. ಪಾಲು ಹೆಚ್ಚಿಸುವುದೆಂದರೆ ಒಂದು ಯಂತ್ರದ ಸ್ವತ್ತನ್ನು ಇನ್ನೊಂದಕ್ಕೆ ವರ್ಗಾಯಿಸಿದಂತೆ. ವರ್ಗಾವಣೆಗೆ ಎರಡೂ ಯಂತ್ರಗಳ ಮೇಲೆ ಸ್ವತ್ತಿನ ಸಂಖ್ಯೆಯ ಚೀಟಿ ಇರುವುದು ಕಡ್ಡಾಯ. ಅದರಂತೆ ಉಗ್ರಾಣದ ಗುಮಾಸ್ತರು ಒಳಯಂತ್ರವು ಪರದೆಯ ಮೇಲೆ ಕಾಣಿಸುತ್ತಿದ್ದಾಗಲೇ ಗೋಂದು ಹಚ್ಚಿ ಅದರ ಮೇಲೆ ಚೀಟಿ ಅಂಟಿಸಿದರು. ಒಳಯಂತ್ರವನ್ನು ಮುಚ್ಚಿದಾಗ ಅದು ಹೋಯಿತು, ಪರದೆಯ ಗಾಜಿಗೆ ಅಂಟಿದ ಚೀಟಿ ಹೋಗಲಿಲ್ಲ. ಮುಚ್ಚಿದರೆ ಮಾಯವಾಗುವ, ಮುಟ್ಟಲು ಸಿಗದ, ಚೀಟಿ ಹಿಡಿಯದ ವಸ್ತುವು ಇಲಾಖೆಯ ಸ್ವತ್ತಲ್ಲ. ಸ್ವತ್ತಲ್ಲದ್ದು ಇಲಾಖೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲ; ಇಲ್ಲದ್ದಕ್ಕೆ ದುರಸ್ತಿಯೂ ಇಲ್ಲ. ಚೀಟಿಯನ್ನು ಕೀಳಬಾರದು. ಅದರ ಹಿಂದೆ ಇರುವ ಅಕ್ಷರಗಳನ್ನು ಬೆರಳಚ್ಚುಗಾರರು ಊಹಿಸಿಕೊಳ್ಳತಕ್ಕದ್ದು.

3. ಹೊರಯಂತ್ರದ ಶಕ್ತಿಯ ಬಹುಪಾಲನ್ನು ಪರದೆಯ ಹಿನ್ನೆಲೆಯಲ್ಲಿ ಹಗಲಿಡೀ ಈಜಾಡುವ ಬಣ್ಣದ ಮೀನುಗಳೇ ನುಂಗುತ್ತಿವೆಯೆಂದು ತಂತ್ರಜ್ಞರು ಮತ್ತೊಮ್ಮೆ ಮೂಗು ತೂರಿಸಿರುತ್ತಾರೆ. ಸದರಿ ಮೀನುಗಳು ಹಿಂದಿನ ಉಪನಿರ್ದೇಶಕರ ಅಪ್ಪಣೆಯಂತೆ, ಸಿಬ್ಬಂದಿಯ ಮನಸ್ಸಿಗೆ ಹಾಯೆನಿಸಲೆಂದು ಬಿಟ್ಟವು. ಅವುಗಳನ್ನು ತೆಗೆಯಲು ಅವರೇ ಬರಬೇಕು; ಅವರು ನಿವೃತ್ತರಾಗಿದ್ದಾರೆ. ಮೀನುಗಳು ಈಜಲಿ.

4. ಯಂತ್ರಕ್ಕೆ ಕೈಹಚ್ಚುವಂತಿಲ್ಲವಾದ ಕಾರಣ ಸಾರ್ವಜನಿಕರೇ ಸ್ವಲ್ಪ ಹೊಂದಿಕೊಂಡು ಹೋಗುವಂತೆ ಕೋರಲಾಗಿದೆ:

(ಅ) ಪ್ರತಿ ಪದವನ್ನೂ ಎರಡೆರಡು ಬಾರಿ ಹೇಳತಕ್ಕದ್ದು. ಎರಡರಲ್ಲಿ ಒಂದಾದರೂ ದಾಟೀತು.

(ಆ) ಮುಖ್ಯವಾದ ಪದಗಳನ್ನು ಆದಷ್ಟು ಬಳಸಕೂಡದು. ಹಾರಿಹೋಗುತ್ತಿರುವುದು ಅವೇ ಎಂದು ಕಂಡುಬಂದಿದೆ.

(ಇ) ಅಹವಾಲು ಹೇಳುವಾಗ ಅಳುವಂತಿಲ್ಲ. ಬಿಕ್ಕಳಿಕೆಗೂ ಒಳಯಂತ್ರದ ತೊದಲಿಗೂ ವ್ಯತ್ಯಾಸ ತಿಳಿಯದೆ ಶಾಖೆಗೆ ಗೊಂದಲವಾಗುತ್ತಿದೆ. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಆಮೇಲೆ ಫೋನ್ ಮಾಡತಕ್ಕದ್ದು.

5. ಇಷ್ಟಾದರೂ ಶಾಖೆಯಿಂದ ಹೊರಹೋಗುವ ಬೆರಳಚ್ಚು ಪ್ರತಿಗಳಲ್ಲಿ ಚುಕ್ಕಿಗಳು ಕಡಿಮೆಯಾಗಲಿಲ್ಲ. ನಿದರ್ಶನಕ್ಕೆ: ‘ನಮ್ಮ ಮನೆ ಮುಂದೆ … ಒಡೆದು … ಯಾರೂ … ಮಕ್ಕಳು … ದಯವಿಟ್ಟು.’ ಏನು ಒಡೆದಿದೆಯೆಂದು ತಿಳಿಯದ ಕಾರಣ ಇದನ್ನು ನೀರಿನವರಿಗೆ, ರಸ್ತೆಯವರಿಗೆ ಹಾಗೂ ದಾಂಪತ್ಯ ಸಲಹಾ ಕೇಂದ್ರಕ್ಕೆ ಏಕಕಾಲದಲ್ಲಿ ಕಳುಹಿಸಲಾಯಿತು. ಮೂವರೂ ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಹಿಂದಿರುಗಿಸಿದ್ದಾರೆ. ಈ ಪ್ರತಿಯನ್ನು ಸಿದ್ಧಪಡಿಸಿದವರು ಸಿಬ್ಬಂದಿಯೆಲ್ಲ ‘ದೊಡ್ಡಕ್ಕ’ ಎಂದು ಕರೆಯುವ ಹಿರಿಯ ಬೆರಳಚ್ಚುಗಾರ್ತಿ. ಕೇಳಿಸದ ಕಡೆ ಚುಕ್ಕಿ ಇಡುತ್ತೇನೆ, ನನ್ನ ಕಡೆಯಿಂದ ಮಾತು ತುಂಬಿಸುವುದಿಲ್ಲ ಎಂಬುದು ಅವರ ಸಮಜಾಯಿಷಿ. ಯಂತ್ರ ಇಲ್ಲವೆಂದು ಖಂಡಿಕೆ 2ರಲ್ಲಿ ತೀರ್ಮಾನವಾಗಿರುವುದರಿಂದ, ಇಲ್ಲದ ಯಂತ್ರದಲ್ಲಿ ದೋಷ ಇರಲಾರದು. ದೋಷವು ಇರುವ ಕಿವಿಯಲ್ಲೇ ಇರಬೇಕೆಂದು ನಿರ್ಣಯಿಸಲಾಯಿತು.

6. ಅದರಂತೆ ದೊಡ್ಡಕ್ಕನವರ ಶ್ರವಣ ಪರೀಕ್ಷೆ ನಡೆಸಲಾಯಿತು. ವೈದ್ಯರ ಬಳಿ ಕಳುಹಿಸುವ ಬದಲು ಇಲಾಖೆಯಲ್ಲೇ ಬಹುಕಾಲದಿಂದ ಬಿದ್ದಿದ್ದ ಕಿವಿ ಪರೀಕ್ಷೆಯ ಸಾಫ್ಟ್‌ವೇರ್ ಬಳಸಲಾಯಿತು. ಅದೂ ಹಳೆಯದಾದ್ದರಿಂದ ಒಳಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಹೆಡ್‌ಫೋನಿನಲ್ಲಿ ಸದ್ದು ಬಂದಾಗ ಗುಂಡಿ ಒತ್ತಬೇಕು. ದೊಡ್ಡಕ್ಕನವರು ಬಂದ ಸದ್ದಿಗೆಲ್ಲ ಒತ್ತಿದರು. ಬಾರದ ಸದ್ದುಗಳಿಗೆ ಒತ್ತಲಿಲ್ಲ. ಅನುತ್ತೀರ್ಣರೆಂದು ಘೋಷಿಸಿ, ಕೇಳುವ ಅಗತ್ಯವಿಲ್ಲದ ಉಗ್ರಾಣಕ್ಕೆ ಅವರನ್ನು ವರ್ಗಾಯಿಸಲು ಆದೇಶಿಸಲಾಯಿತು.

ಇದರ ವಿರುದ್ಧ ಸಲ್ಲಿಸಿದ ಮನವಿಯಲ್ಲಿ ಅವರು, ಅಂದು ಮನೆಗೆ ಹೋದ ಮೇಲೆ ತಮಗೇ ಅನುಮಾನ ಹುಟ್ಟಿ, ಮಗಳನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿ ಪಿಸುಮಾತಿನಲ್ಲಿ ಮಾತಾಡಿಸಿದ್ದಾಗಿಯೂ, ಅವಳು ಅಂದದ್ದೆಲ್ಲ ಕೇಳಿಸಿತೆಂದೂ, ಆದರೂ ಕುಕ್ಕರ್ ಕೂಗಿದಾಗಲೆಲ್ಲ ಇದು ಸರಿಯಾಗಿ ಕೇಳಿಸಿತೇ ಎಂದು ಈಗ ಹೆದರಿಕೆಯಾಗುತ್ತಿದೆಯೆಂದೂ ನಿವೇದಿಸಿಕೊಂಡಿರುತ್ತಾರೆ. ಮಗಳು ಇಲಾಖೆಯ ಮಾನ್ಯತೆ ಪಡೆದ ಪರೀಕ್ಷಕಳಲ್ಲ. ಹೆದರಿಕೆಯನ್ನು ಮಾತ್ರ ಪರಿಗಣಿಸಿ ಕಡತಕ್ಕೆ ಸೇರಿಸಲಾಗಿದೆ.

7. ತಾರತಮ್ಯದ ಆರೋಪ ಬಾರದಿರಲೆಂದು ಶಾಖೆಯ ಸಮಸ್ತರನ್ನೂ ಅದೇ ಪರೀಕ್ಷೆಗೆ ಒಳಪಡಿಸಲಾಯಿತು. ಅಧೀಕ್ಷಕರು, ಗುಮಾಸ್ತರು, ತಂತ್ರಜ್ಞರು ಹಾಗೂ ಕೆಳಗೆ ಸಹಿ ಮಾಡಿರುವವರು ಸೇರಿದಂತೆ ಎಲ್ಲರೂ ಅನುತ್ತೀರ್ಣರಾಗಿರುತ್ತಾರೆ. ಇಷ್ಟು ಕಾಲ ಇಷ್ಟು ಜನ ಏನನ್ನೂ ಕೇಳಿಸಿಕೊಳ್ಳದೆ ಸಂಬಳ ಎಣಿಸುತ್ತಿದ್ದರೆಂಬುದು ಬೆಳಕಿಗೆ ಬಂದಿರುವುದು ಈ ಪರೀಕ್ಷೆಯ ಸಾಧನೆಯೇ ಸರಿ. ತೇರ್ಗಡೆಯಾದವರು ಕಾವಲುಗಾರರೊಬ್ಬರೇ; ಅವರು ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ನಿದ್ದೆಹೋಗಿದ್ದರು.

8. ಆದ್ದರಿಂದ ದೊಡ್ಡಕ್ಕನವರ ಕುರ್ಚಿ, ಹೆಡ್‌ಫೋನ್ ಹಾಗೂ ಕೀಲಿಮಣೆಯನ್ನು ಕಾವಲುಗಾರರಿಗೆ ವಹಿಸಿಕೊಡಲಾಗಿದೆ. ಅವರಿಗೆ ಬೆರಳಚ್ಚು ಬಾರದಿರುವುದು ಒಂದು ಅನುಕೂಲವೆಂದು ಭಾವಿಸತಕ್ಕದ್ದು. ಚುಕ್ಕಿಗಳು ಪೂರ್ಣವಾಗಿ ನಿಂತಿವೆ. ಉಳಿದ ಸಿಬ್ಬಂದಿ, ಉಗ್ರಾಣದಲ್ಲಿ ಅಷ್ಟು ಜಾಗವಿಲ್ಲದ ಕಾರಣ ಇದ್ದಲ್ಲೇ ಉಳಿದು, ಪರೀಕ್ಷೆಯ ಪ್ರಮಾಣಪತ್ರದಂತೆ ಕೇಳಿಸದವರಾದ್ದರಿಂದ, ಪರಸ್ಪರ ಬರವಣಿಗೆಯಲ್ಲೇ ವ್ಯವಹರಿಸಬೇಕು. ಯಾರಾದರೂ ಕರೆದಾಗ ತಿರುಗಿ ನೋಡುವುದು ಪ್ರಮಾಣಪತ್ರಕ್ಕೆ ಮಾಡಿದ ಅಗೌರವವಾಗುತ್ತದೆ.

9. ದೊಡ್ಡಕ್ಕನವರ ಮನವಿಯ ಮೇಲೆ ವೈಯಕ್ತಿಕ ವಿಚಾರಣೆಯನ್ನೂ ನಿಯಮಾನುಸಾರ ನಡೆಸಲಾಗಿದೆ. ಹೇಳಿಕೆಯನ್ನು ಒಳಯಂತ್ರದಲ್ಲಿ ಧ್ವನಿಮುದ್ರಿಸಿ, ಬಳಿಕ ಅದರಲ್ಲೇ ಆಲಿಸಿ ತೀರ್ಮಾನಿಸಬೇಕೆಂದಿತ್ತು. ಅವರು ಎದ್ದು ನಿಲ್ಲುವ ಹೊತ್ತಿಗೆ ಕರೆಂಟು ಹೋಯಿತು. ಮೀನುಗಳು ಆರಿದವು, ಫ್ಯಾನು ನಿಂತಿತು. ಮೇಜಿನ ಆ ಬದಿಯಿಂದ ದೊಡ್ಡಕ್ಕನವರು ದನಿ ಏರಿಸದೆ ಹೀಗೆ ಹೇಳಿರುತ್ತಾರೆ:

“ನನ್ನ ಕಿವಿ ಕೆಟ್ಟಿದ್ರೆ ಹೇಳಿ ಸಾರ್, ಉಗ್ರಾಣಕ್ಕೇ ಹೋಗ್ತೀನಿ. ಆದ್ರೆ ಆ ಜನ ಫೋನ್ ಮಾಡ್ತಾನೇ ಇದಾರೆ. ಅವ್ರ ಮಾತನ್ನ ಕೊನೇವರೆಗೂ ಯಾರಾದ್ರೂ ಒಬ್ರು ಕೇಳಿಸ್ಕೊಳ್ಳಿ.”

ಇತ್ತೀಚೆಗೆ ಈ ಕಚೇರಿಯಲ್ಲಿ ಯಾರ ಮಾತೂ ಇಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ. ಅಧೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಳಗೆ ಸಹಿ ಮಾಡಿರುವ ನನಗೆ ನಾಚಿಕೆಯಾಯಿತು. ಹಾಗೆ ಆದದ್ದನ್ನು ಇಲ್ಲಿ ದಾಖಲಿಸಲು ನಿಯಮದಲ್ಲಿ ಅವಕಾಶವಿಲ್ಲ.

10. ಆದರೆ ಹಾಜರಿದ್ದವರೆಲ್ಲ ಖಂಡಿಕೆ 7ರಂತೆ ಕಿವಿ ಕೇಳಿಸದವರು. ಕೇಳಿಸಿತೆಂದು ಒಪ್ಪಿದರೆ ಪರೀಕ್ಷೆ ತಪ್ಪು. ಪರೀಕ್ಷೆ ತಪ್ಪಾದರೆ ಒಳಯಂತ್ರ ಕೆಟ್ಟಿದೆಯೆಂದಾಗುತ್ತದೆ. ಕೆಟ್ಟಿದೆಯೆಂದರೆ ಅದು ಇದೆಯೆಂದು ಒಪ್ಪಿದಂತೆ. ಅಷ್ಟು ದೂರ ಹೋಗಲು ಈ ಕಚೇರಿಗೆ ಅಧಿಕಾರವಿಲ್ಲ. ಆದ್ದರಿಂದ ಸದರಿ ವಿಚಾರಣೆಯಲ್ಲಿ ಯಾರಿಗೂ ಏನೂ ಕೇಳಿಸಿರುವುದಿಲ್ಲವೆಂದು ಈ ಮೂಲಕ ಸ್ಥಿರೀಕರಿಸಿ, ವರ್ಗಾವಣೆಯ ಆದೇಶವನ್ನು ಎತ್ತಿಹಿಡಿಯಲಾಗಿದೆ.

(ಸಹಿ ಇದೆ)
ಪ್ರಭಾರ ಉಪನಿರ್ದೇಶಕರು, ಧ್ವನಿ ಶಾಖೆ
(ಶ್ರವಣದಲ್ಲಿ ಅನುತ್ತೀರ್ಣ, ಪ್ರಮಾಣಪತ್ರ ಲಗತ್ತಿಸಿದೆ)

ಪ್ರತಿಗಳು:
1. ಅಧೀಕ್ಷಕರಿಗೆ, ಸೂಕ್ತ ಕ್ರಮಕ್ಕಾಗಿ ಹಾಗೂ ಸೂಕ್ತ ಕ್ರಮ ಯಾವುದೆಂದು ಕೇಳದಿರುವುದಕ್ಕಾಗಿ.
2. ಗಣಕ ತಂತ್ರಜ್ಞರಿಗೆ, ಚಹಾ ಆರಿಸಿಕೊಂಡು ಕುಡಿಯುವಂತೆ ಸೂಚಿಸಿ.
3. ಕಾವಲುಗಾರರಿಗೆ, ಎಬ್ಬಿಸದೆ ಪಕ್ಕದಲ್ಲಿಡಲು.
4. ಸಾರ್ವಜನಿಕರಿಗೆ, ಎರಡೆರಡು ಪ್ರತಿ.
5. ಹಿರಿಯ ಬೆರಳಚ್ಚುಗಾರ್ತಿಯವರಿಗೆ: ಕಾಗದದಲ್ಲಿ ಕೊಡತಕ್ಕದ್ದಲ್ಲ. ಈ ಸುತ್ತೋಲೆಯನ್ನು ಧ್ವನಿಮುದ್ರಿಸಿ ಒಳಯಂತ್ರದ ಮೂಲಕ ಕೇಳಿಸತಕ್ಕದ್ದು. ಪೂರ್ತಿ ಕೇಳಿಸಲಿಲ್ಲವೆಂದು ಅವರು ಹೇಳಿದಲ್ಲಿ, ಅದನ್ನೇ ಅವರ ಒಪ್ಪಿಗೆಯೆಂದು ಬರೆದುಕೊಳ್ಳತಕ್ಕದ್ದು.