ಕಾಕಾನ ನೊಣದ ಶಿರಾ

ನಮ್ಮ ಕಾಕಾಗೆ ಸಂಸಾರವಿಲ್ಲ ಎನ್ನುವವರು ಅವರ ಕೋಣೆಗೆ ಒಮ್ಮೆಯೂ ಇಣುಕಿಲ್ಲ. ಅಲ್ಲಿ ಹಾಲಿನ ಬಾಟಲಿಗಳಲ್ಲಿ ಅವರಿಗೆ ಕಡಿಮೆಯೆಂದರೂ ನಾಲ್ಕು ಸಾವಿರ ಮಂದಿ! ಎಲ್ಲರೂ ಹಣ್ಣಿನ ನೊಣಗಳು. ಅದು ಎಂಬತ್ತರ ದಶಕದ ಕೊನೆ. ಅಪ್ಪನ ತಮ್ಮನಾದ ಈ ಕಾಕಾ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಊರವರೆಲ್ಲ ಮನೆಯಿಂದ ನೊಣ ಓಡಿಸುತ್ತಿದ್ದರೆ ಇವರು ಸಂತೆಯ ಬಾಳೆಹಣ್ಣಿನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಿಡಿದು ತರುತ್ತಿದ್ದರು.

ಆ ನೊಣಗಳ ಊಟವೋ, ನಮ್ಮದಕ್ಕಿಂತ ಮೇಲು. ರವೆ, ಬೆಲ್ಲ, ಗಟ್ಟಿಯಾಗಲೆಂದು ಸಮುದ್ರದ ಪಾಚಿಯ ಪುಡಿ. ಕುದಿಸಲು ಕೋಣೆಯಲ್ಲೇ ಒಂದು ಸೀಮೆಎಣ್ಣೆ ಸ್ಟೋವ್. ನೊಣದ ಪಾತ್ರೆ ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ಅವ್ವನ ಕಟ್ಟಪ್ಪಣೆಯಿತ್ತು. ಕಾಕಾ ಅದನ್ನು ಒಂದು ದಿನವೂ ಮೀರಿರಲಿಲ್ಲ.

ಒಮ್ಮೆ ಹಾವೇರಿಯಿಂದ ಬಸ್ಸಿನಲ್ಲಿ ಎರಡು ಬಾಟಲಿ ತರುತ್ತಿದ್ದರು. ಮೋಟೆಬೆನ್ನೂರು ದಾಟುತ್ತಲೇ ಕಂಡಕ್ಟರ್ ಹಿಡಿದ.

"ಏನ್ರಿ ಸರ ಬಾಟಲಿಯೊಳಗ?"

"ನೊಣಾ. ನೂರಾ ಇಪ್ಪತ್ತು ಅದಾವು."

"ಲಗೇಜ್ ಟಿಕೆಟ್ ಹರೀಲ್ಯೋ, ಮಂದಿ ಟಿಕೆಟ್ ಹರೀಲ್ಯೋ?"

"ಹುಟ್ಟಿ ಮೂರು ದಿನ ಆಗ್ಯಾವು. ಇಷ್ಟು ಸಣ್ಣವಕ್ಕ ಟಿಕೆಟ್ ಎಲ್ಲಿ ಐತಿ ಹೇಳು?"

ಕಂಡಕ್ಟರ್ ಟಿಕೆಟ್ ಪುಸ್ತಕ ಮಡಚಿ ಮುಂದಿನ ಸೀಟಿಗೆ ಹೋದನಂತೆ. ಹೋಗದೆ ಏನು ಮಾಡುತ್ತಾನೆ, ಪಾಪ?

ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ನೊಣದ ಕಣ್ಣು ತೋರಿಸಿದವರೂ ಅವರೇ. "ನೋಡವಾ, ಈ ಒಂದು ಕಣ್ಣಿನ್ಯಾಗ ಸುಮಾರು ಎಂಟುನೂರು ಸಣ್ಣ ಕಣ್ಣು. ಒಂದೊಂದರಾಗ ಬೆಳಕು ನೋಡೋ ಜೀವಕೋಶ ಎಂಟೆಂಟು. ಆದ್ರ ಏಳನೇದು ತಾನಾಗೇ ನೋಡೋ ಕೋಶ ಆಗೂದಿಲ್ಲ. ಮಗ್ಗಲದ ಎಂಟನೇದು ಅದಕ್ಕ ಸುದ್ದಿ ಮುಟ್ಟಿಸಬೇಕು, ನೀ ನೋಡೋದು ಆಗು ಅಂತ. ಆ ಸುದ್ದಿ ಕೇಳೋ ಕಿವಿ ಮಾಡಾಕ ಒಂದು ಜೀನು ಐತಿ. ಸುದ್ದಿ ಮುಟ್ಟಲಿಲ್ಲಂದ್ರ ಅದು ಬರೀ ಗಾಜಿನಂಗ ಕುಂತುಬಿಡತೈತಿ. ಬೆಳಕು ದಾಟಿ ಹೋಗತೈತಿ, ಅದಕ್ಕ ಏನೂ ಕಾಣೂದಿಲ್ಲ."

ಒಳಗಿನಿಂದ ಅವ್ವ ಅಂದಳು, "ಇದಕ್ಕ ನೊಣಾ ಯಾಕ ಬೇಕ್ರಿ? ಮಗ್ಗಲ ಮನಿಯಾಕಿ ಹೇಳಲಿಲ್ಲಂದ್ರ ನಮಗೂ ನಳಕ್ಕ ನೀರು ಬಂದದ್ದು ಗೊತ್ತಾಗೂದಿಲ್ಲ."

ಆ ವರ್ಷ ನಾನು ಪಿ.ಯು.ಸಿ. ಪಾಸಾಗಿದ್ದೆ. ಬಿ.ಎಸ್ಸಿ. ಓದುವ ಆಸೆ ಹೊಟ್ಟೆಯೊಳಗೇ ಇತ್ತು. ಅಪ್ಪ ಆಗಲೇ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಮನೆಯ ಗಂಡು ನೋಡಿಟ್ಟಿದ್ದರು. ಅಪ್ಪನ ಮುಂದೆ ಬಾಯಿ ಬಿಡುವ ಧೈರ್ಯ ನನಗೆಲ್ಲಿಂದ ಬರಬೇಕು? ಕಾಕಾ ಅಂತೂ ಅಣ್ಣನ ಎದುರು ನಿಂತರೆ ಅವರಿಗಿಂತ ಅವರ ನೊಣಗಳೇ ಹೆಚ್ಚು ಸದ್ದು ಮಾಡುತ್ತಿದ್ದವು.

ಹೆಣ್ಣು ನೋಡುವ ದಿನ ಬೆಳಿಗ್ಗೆ ಕಾಕಾ ಪಾತ್ರೆ ಹಿಡಿದು ಅಡುಗೆಮನೆಗೇ ಬಂದರು. "ವೈನಿ, ಸ್ಟೋವಿನ್ಯಾಗ ಎಣ್ಣಿ ಮುಗದೈತಿ. ಇದೊಂದು ದಿನ ನಿಮ್ಮ ಒಲಿ ಕೊಡ್ರಿ." ಶುಭದಿನ ಜಗಳ ಬೇಡವೆಂದು ಅವ್ವ ಒಪ್ಪಿದಳು. ಬೀಗರಿಗೆಂದು ಅವಳು ಮಾಡಿಟ್ಟಿದ್ದ ರವೆ ಬೆಲ್ಲದ ಶಿರಾದ ಪಕ್ಕದಲ್ಲೇ ಕಾಕಾನ ಪಾತ್ರೆಯೂ ಕೂತಿತು.

ಬೀಗರಾಗಬೇಕಾದವರು ಬಂದರು. ತಾಟುಗಳಲ್ಲಿ ಶಿರಾ ಹೋಯಿತು. ಗಂಡಿನ ತಾಯಿ ಎರಡನೇ ಸಲ ಹಾಕಿಸಿಕೊಂಡರು.

"ಶಿರಾ ಭಾಳ ಚೊಲೊ ಆಗೈತ್ರಿ. ಹುಡುಗಿನ ಮಾಡ್ಯಾಳೇನು?"

"ಹೂನ್ರಿ, ಎಲ್ಲಾ ಆಕಿನ ಮಾಡ್ಯಾಳ," ಎಂದಳು ಅವ್ವ. ನಾನು ಸೌಟು ಸಹ ಮುಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕಾಕಾ ತಾಟುಗಳತ್ತ ಬಗ್ಗಿ ನೋಡಿದರು. "ಅಲಾ, ಇದು ನನ್ನ ನೊಣದ ಊಟ ಅಲ್ಲೇನು? ತಿನ್ರಿ, ತಿನ್ರಿ, ಏನೂ ಆಗೂದಿಲ್ಲ. ಕೆಡಬಾರದಂತ ಹಾಕೋ ಔಷಧ ಇನ್ನೂ ಹಾಕಿಲ್ಲ. ನೊಣಾ ಇದನ್ನ ತಿಂದು ಇದರಾಗ ಮೊಟ್ಟಿ ಇಡ್ತಾವು."

ಗಂಡಿನ ತಾಯಿ ಕೈಯಲ್ಲಿದ್ದ ಚಮಚವನ್ನು ತಾಟಿಗೆ ಹಾಕಿ ಎದ್ದರು. ಆಮೇಲೆ ಚಹಾಕ್ಕೂ ಕಾಯದೆ ಎಲ್ಲರೂ ಬ್ಯಾಡಗಿಯ ಬಸ್ಸು ಹತ್ತಿದರು.

ಅಪ್ಪ ತಮ್ಮನೊಂದಿಗೆ ಮಾತು ಬಿಟ್ಟರು. ಅವ್ವನದು ಒಂದೇ ಹಾಡು, "ಮ್ಯಾಲೆ ಗೋಡಂಬಿ ಕಂಡೂ ಅದು ನೊಣದ್ದು ಅಂತ ನಾ ಹೆಂಗ ತಿಳಕೊಳ್ಳಲಿ?" ಗೋಡಂಬಿಯ ಮಾತು ಯಾರ ಕಿವಿಗೂ ಬೀಳಲಿಲ್ಲ, ನನ್ನ ಕಿವಿಗೂ ಸಹ.

ನಾಲ್ಕು ದಿನದ ಮೇಲೆ ಬಾಟಲಿ ತೊಳೆಯಲೆಂದು ಕಾಕಾನ ಕೋಣೆಗೆ ಹೋದೆ. ದಾರಿಗಡ್ಡವಿದ್ದ ಸ್ಟೋವ್ ಎತ್ತಿದರೆ ಭಾರ. ಒಳಗೆ ಸೀಮೆಎಣ್ಣೆ ಕಂಠಮಟ ತುಂಬಿತ್ತು, ಮುಚ್ಚಳದ ಮೇಲೆ ನಾಲ್ಕು ದಿನದ ಧೂಳು. ಪಕ್ಕದಲ್ಲಿ ಅರ್ಧ ಖಾಲಿಯಾದ ಗೋಡಂಬಿ ಪೊಟ್ಟಣ. ಯಾವ ನೊಣ ಗೋಡಂಬಿ ತಿನ್ನುತ್ತದೆ?

ನಾನು ಕಾಕಾನ ಮುಖ ನೋಡಿದೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕೈ ಮಾತ್ರ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ನನ್ನತ್ತ ಸರಿಸಿತು. ಬಿ.ಎಸ್ಸಿ. ಪ್ರವೇಶದ ಅರ್ಜಿ. ನನ್ನ ಹೆಸರು ಅವರ ಗುಂಡು ಅಕ್ಷರದಲ್ಲಿತ್ತು. ಅಪ್ಪನ ಸಹಿಯ ಜಾಗವಷ್ಟೇ ಖಾಲಿ.

"ಅಣ್ಣನ ಮುಂದ ನಿಂತು ಹೇಳೂದು ನನ್ನ ಕೈಲೆ ಆಗಲಿಲ್ಲವಾ. ನನಗ ಇಷ್ಟೇ ಮಾಡಾಕ ಬಂತು," ಎಂದರು. "ಆದ್ರ ನಿನಗ ಹೇಳಾಕತ್ತೇನಿ. ನೀ ಓದು."

ಅಲ್ಲಿಯವರೆಗೆ ನನಗೆ ಆ ಮಾತು ಹೇಳಿದವರು ಯಾರೂ ಇರಲಿಲ್ಲ. ಕಣ್ಣು ಒರೆಸಿಕೊಂಡು ಅರ್ಜಿ ಹಿಡಿದು ಪಡಸಾಲೆಗೆ ಹೋದೆ. ಅಪ್ಪನ ಎದುರು ನಿಂತು ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಬಿಟ್ಟೆ.

"ಅಪ್ಪಾ, ನಾ ಓದ್ತೀನ್ರಿ."