ತಲೆ ಹೋದ ಬೋಲ್ಟು

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಮೊದಲು ನಾನು ರಿಪೇರಿ ಮಾಡುತ್ತೇನೆ. ಆಮೇಲೆ ಅದನ್ನು ಸರಿಮಾಡುವವರನ್ನು ನನ್ನ ಹೆಂಡತಿ ಹುಡುಕುತ್ತಾಳೆ. ಮಿಕ್ಸಿ, ಫ್ಯಾನು, ನಲ್ಲಿ ಎಲ್ಲ ಮುಗಿದು ಈ ಸಲ ಕಾರಿನ ಸರದಿ.

೧. ಐದು ನಿಮಿಷದ ಕೆಲಸ

ಮಾರನೇ ದಿನ ಚಾಮರಾಜನಗರದಲ್ಲಿ ನಾದಿನಿಯ ನಿಶ್ಚಿತಾರ್ಥ. ಗುಂಡ್ಲುಪೇಟೆಯಿಂದ ನಮ್ಮ ಕಾರಲ್ಲೇ ಬರುತ್ತೇವೆಂದು ಮಾವನ ಮನೆಗೆಲ್ಲ ಸಾರಿಬಿಟ್ಟಿದ್ದೆ. ಆದರೆ ಗುಂಡಿ ಕಂಡಲ್ಲೆಲ್ಲ ಮುಂದಿನ ಚಕ್ರ ಟಕಟಕ ಅನ್ನುತ್ತಿತ್ತು. ಶಾಕ್ ಅಬ್ಸಾರ್ಬರ್ ಹೋಗಿತ್ತು. ಹೊಸದನ್ನು ತಂದೆ.

"ಗ್ಯಾರೇಜಿಗೆ ಬುಡಿ" ಅಂದಳು ಹೆಂಡತಿ.

"ಎರಡು ಬೋಲ್ಟು ಬಿಚ್ಚೋಕೆ ಗ್ಯಾರೇಜಾ? ಐದು ನಿಮಿಷದ ಕೆಲಸ ಕಣೆ."

ಮೇಲಿನ ಬೋಲ್ಟು ಬಂತು. ಕೆಳಗಿನದು ತುಕ್ಕು ಹಿಡಿದು, ಸಾಲ ವಸೂಲಿಗೆ ಬಂದವನ ಹಾಗೆ ಕೂತಿತ್ತು. "ಐದು ನಿಮಿಷ ಆಯ್ತಾ?" ಎಂದು ಹೆಂಡತಿ ಮಧ್ಯಾಹ್ನ ಊಟಕ್ಕೆ ಕರೆದಾಗ ಕೇಳಿದಳು. ಸಂಜೆ ಕಾಫಿ ಕೊಡುವಾಗಲೂ ಅದನ್ನೇ ಕೇಳಿದಳು.

೨. ಬುಡು ಬುಡು!

ಪಕ್ಕದ ಮನೆಯ ಗೆಳೆಯ ಈರುಳ್ಳಿ ಲಾರಿ ಓಡಿಸುತ್ತಾನೆ. ಬಂದವನೇ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೂರಿಸಿದ. "ನೀ ಬೋಲ್ಟಿನ ಕಡೆ ತುದಿ ಒತ್ತಿ ಇಡ್ಕೊ ಕಣ್ಲಾ, ನಾ ಎಳೀತೀನಿ."

ಎಳೆದ. ನನ್ನ ಬೆರಳು ಸಿಕ್ಕಿಕೊಂಡಿತು. "ಬುಡು! ಬುಡು!" ಎಂದು ಕಿರುಚಿದೆ.

ನಮ್ಮ ಕಡೆ ಬೋಲ್ಟು ಸಡಿಲವಾದರೂ 'ಬುಡ್ತು' ಅನ್ನುವುದೇ ರೂಢಿ. ಅವನಿಗೆ ಹಾಗೇ ಕೇಳಿಸಿರಬೇಕು. "ಬುಡ್ತಾ? ತಡೀಲಾ, ಇನ್ನೊಸಿ ಎಳೀತೀನಿ!" ಎಂದು ಮೈಭಾರವನ್ನೆಲ್ಲ ಪೈಪಿನ ಮೇಲೆ ಹಾಕಿದ. ಸ್ಪ್ಯಾನರ್ ಜಾರಿತು. ಬೋಲ್ಟಿನ ತಲೆ ಸವೆದು ಗೋಲಿಯಂತೆ ನುಣ್ಣಗಾಯಿತು.

"ಬುಡು ಅಂದ್ನಲ್ಲೋ!"

"ನಾ ಬುಡ್ತೀನಿ ಕಣ್ಲಾ, ಬೋಲ್ಟು ಬುಡ್ಬೇಕಲ್ಲ!"

೩. ಅತ್ತೆಗೆ ಫೋನು

ಬೆಳಿಗ್ಗೆ ವೆಲ್ಡಿಂಗ್ ಅಂಗಡಿಯ ಭಾಯ್ ಬಂದರು. ಸವೆದ ತಲೆಗೆ ಒಂದು ನಟ್ಟು ಬೆಸೆದು ತಿರುಗಿಸೋಣ ಅಂದರು. ತಡವಾಗುತ್ತದೆಂದು ಅತ್ತೆಗೆ ಫೋನು ಮಾಡಿದೆ. ಅತ್ತೆಗೆ ಕಿವಿ ಸ್ವಲ್ಪ ಮಂದ.

"ಅತ್ತೆ, ಬೋಲ್ಟಿನ ತಲೆ ಹೋಗ್ಬುಟ್ಟದೆ! ಬರೋದು ತಡ ಆಯ್ತದೆ!"

"ಅಯ್ಯೋ ಶಿವನೇ! ಯಾವಾಗಿಂದ?"

"ನೆನ್ನೆಯಿಂದ. ಈಗ ತಲೆಗೆ ಕರೆಂಟು ಕೊಟ್ಟು ನೋಡ್ತಾವ್ರೆ!"

ಅತ್ತೆ ಅಳತೊಡಗಿದರು. ನಮ್ಮ ಕಾರಿನ ಮೇಲೆ ಅವರಿಗೆ ಇಷ್ಟು ಪ್ರೀತಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

೪. ಬಸ್ಸಿನಲ್ಲಿ ಬಂದ ಅಳಿಯ

ಬೆಸೆದ ನಟ್ಟೂ ಕಿತ್ತು ಬಂತು. ರೇಷ್ಮೆ ಸೀರೆ ಉಟ್ಟ ಹೆಂಡತಿಯ ಜೊತೆ ಬಸ್ಸಿನಲ್ಲಿ ನಿಂತುಕೊಂಡೇ ಚಾಮರಾಜನಗರ ಸೇರಿದೆ. ದಾರಿಯುದ್ದಕ್ಕೂ ಅವಳು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ನಾನು ಒಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ನನ್ನ ತಲೆಯನ್ನೇ ನೋಡತೊಡಗಿದರು. ಯಾರೋ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಮಾವ ಮೆಲ್ಲಗೆ ಕೇಳಿದರು: "ಈಗ ತಲೆ ಹೆಂಗದೆ?"

"ಕರೆಂಟು ಕೊಟ್ರೂ ಪ್ರಯೋಜನ ಆಗ್ಲಿಲ್ಲ ಮಾವ. ನಾಳೆ ಕುಯ್ದು ತೆಗೆಸ್ಬುಡದೇ."

ಗಂಡಿನ ತಂದೆಯ ಕೈಯಲ್ಲಿದ್ದ ತಾಂಬೂಲದ ತಟ್ಟೆ ಕೆಳಗಿಳಿಯಿತು. "ಅಲ್ಲ ಬೀಗರೇ, ನಿಮ್ ಮನೇಲಿ ಇನ್ನೂ ಯಾರ್ಗಾದ್ರೂ ಹಿಂಗದಾ?"

ನಾದಿನಿಯ ಮುಖ ಬಿಳಿಚಿಕೊಂಡಿತು. ಹೆಂಡತಿ ನಡುವೆ ನುಗ್ಗಿ ಕೈಮುಗಿದಳು. "ಅಯ್ಯೋ, ಓಗಿರೋದು ಇವರ ತಲೆಯಲ್ಲ, ಕಾರಿನ ಬೋಲ್ಟಿಂದು! ಬೆಳಕರ್ದ್ರೆ ನಿಶ್ಚಿತಾರ್ಥ, ಗ್ಯಾರೇಜಿಗೆ ಬುಡಿ ಅಂದ್ರೂ ಕೇಳ್ದೆ ಮನೇಲೇ ಬಿಚ್ತಾ ಕೂತ್ರು."

ಗಂಡಿನ ತಂದೆ ನನ್ನನ್ನೇ ನೋಡಿದರು. ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಮಾವನ ಕಡೆ ತಿರುಗಿದರು.

"ಹೆಣ್ಣಿನ ಕಡೆ ಏನೂ ತೊಂದ್ರೆ ಇಲ್ಲ ಬುಡಿ ಬೀಗರೇ. ತಲೆ ಓಗಿರೋದು ಅಳಿಯಂಗೆ ಮಾತ್ರ."