ಜೀಪಿನ ಕೆಳಗಿನ ಅಳಿಯ

ಭಾನುವಾರ ಬೆಳಿಗ್ಗೆ ಮಾವ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: "ಸಂಜೆ ನಾಲ್ಕಕ್ಕೆ ಬರ್ತೀನಿ ಅಳಿಯಂದ್ರೇ. ಜೀಪು ನೋಡೋಣ ಅಂತ."

ಟೈಲರ್ ಕೆಲಸದ ಅಳಿಯ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ಮೂರು ವರ್ಷದಿಂದ ಮಾವ "ಗೇರ್ ಆಯಿಲ್ ಬದಲಾಯಿಸಿದ್ರಾ?" ಎಂದು ಕೇಳಿದಾಗಲೆಲ್ಲ ಅವನು "ಮಳೆಗಾಲಕ್ಕೆ ಮುಂಚೇನೇ ಆಯ್ತು ಮಾವ" ಎನ್ನುತ್ತಿದ್ದ. ಬದಲಾಯಿಸುವುದಿರಲಿ, ಆ ಆಯಿಲ್ ಎಲ್ಲಿರುತ್ತದೆ ಎಂದೂ ಅವನಿಗೆ ಗೊತ್ತಿರಲಿಲ್ಲ.

ಮಾವ ನಲವತ್ತು ವರ್ಷ ಅದೇ ಜೀಪು ಓಡಿಸಿದವರು. ನಾಲ್ಕು ಚಕ್ರವೂ ಎಳೆಯುವ ಗಾಡಿ. ಯಾವ ಕೆಸರಿಗೂ ಹೆದರಿದ್ದಲ್ಲ. ಕಣ್ಣು ಮಂಜಾದ ಮೇಲೆ ಅದನ್ನು ಮಗಳ ಮನೆ ಮುಂದೆ ತಂದು ನಿಲ್ಲಿಸಿ ಅತ್ತಿದ್ದರು. ಮಗಳ ಮದುವೆಯಲ್ಲೂ ಅಷ್ಟು ಅತ್ತಿರಲಿಲ್ಲ. ಟೈಲರನಿಗೋ ಜೀಪೆಂದರೆ ಬೇರೆಯವರ ಅಳತೆಗೆ ಹೊಲಿದ ಕೋಟು. ಯಾರಾದರೂ ಒಯ್ದರೆ ಸಾಕಿತ್ತು. ಆದರೆ ಅದನ್ನು ಮುದುಕರಿಗೆ ಯಾವ ಬಾಯಲ್ಲಿ ಹೇಳುವುದು? ತಂದೆಯಿಲ್ಲದ ಅವನಿಗೆ ಮಾವನೇ ತಂದೆ. ಅವರೆದುರು ಸುಳ್ಳುಗಾರನಾಗಿ ನಿಲ್ಲುವುದು ಮಾತ್ರ ಅವನಿಂದಾಗದು.

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿದ.

"ಗೇರ್ ಆಯಿಲ್ ಕೊಡಿ."

"ಯಾವ ನಂಬರ್ದು?"

"ಸಾಧಾರಣ ಮೈಕಟ್ಟಿನ ಜೀಪು ಸ್ವಾಮಿ."

ಅಂಗಡಿಯವನು ಕನ್ನಡಕ ಇಳಿಸಿ ನೋಡಿದ. "ಹಳೇದಾ? ತೊಂಬತ್ತು ನಂಬರ್ ತಗೊಳ್ಳಿ. ಅದರಲ್ಲೂ ಎರಡು ಥರ ಇದೆ. ಒಂದು ಗೇರ್ ಬಾಕ್ಸ್ ಒಳಗಿನ ಹಿತ್ತಾಳೇನ ತಿಂದುಬಿಡುತ್ತೆ. ಅದು ಬೇಡ, ಇದು ತಗೊಳ್ಳಿ."

ಮನೆ ಮುಂದೆ ಅಷ್ಟರಲ್ಲಿ ಇಬ್ಬರು ತಜ್ಞರು ಸೇರಿದ್ದರು: ಎದುರು ಮನೆಯ ರಿಟೈರಾದ ಮೇಷ್ಟ್ರು, ಪಕ್ಕದ ಮೆಡಿಕಲ್ ಶಾಪಿನವನು.

"ಇಷ್ಟು ಮಂದ ಆಯಿಲ್ಲಾ?" ಮೆಡಿಕಲ್ ಶಾಪಿನವನು ಡಬ್ಬ ಅಲ್ಲಾಡಿಸಿದ. "ವಯಸ್ಸಾದ ಜೀವ ಮಾರಾಯ, ತೆಳುವಾಗಿರೋದು ಕೊಡ್ಬೇಕು. ಹಾರ್ಟಿಗೆ ಭಾರ."

"ಸುಮ್ನಿರಯ್ಯ, ವಯಸ್ಸಾದೋರಿಗೆ ದಪ್ಪ ಕಂಬಳೀನೇ ಹಿತ," ಎಂದು ಮೇಷ್ಟ್ರು ಜೀಪಿನ ಹಳೆಯ ಕೈಪಿಡಿ ತೆರೆದು ಕುರ್ಚಿ ಎಳೆದುಕೊಂಡರು.

ಟೈಲರ್ ಗೋಣಿಚೀಲ ಹಾಸಿ ಕೆಳಗೆ ನುಸುಳಿದ. ಗೇರ್ ಬಾಕ್ಸಿನ ತಳದ ಬೋಲ್ಟು ಸಿಕ್ಕಿತು. ಹಲ್ಲು ಕಚ್ಚಿ ತಿರುಗಿಸಿದ. ಡಾಂಬರಿನಂಥ ಆಯಿಲ್ ಅರ್ಧ ಬೋಗುಣಿಗೆ, ಅರ್ಧ ಅವನ ಕಿವಿಗೆ ಬಿತ್ತು. ಗೆದ್ದೆ ಎಂದುಕೊಂಡು ಹೊಸ ಆಯಿಲ್ ತುಂಬಲು ಪಕ್ಕದ ಬೋಲ್ಟಿಗೆ ಕೈ ಹಾಕಿದರೆ ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಆಗ ಮೇಷ್ಟ್ರು ಗಟ್ಟಿಯಾಗಿ ಓದಿದರು: "'ಮೊದಲು ಆಯಿಲ್ ತುಂಬುವ ಬೋಲ್ಟು ಬಿಚ್ಚಿಕೊಳ್ಳಬೇಕು. ಆಮೇಲಷ್ಟೇ ತಳದ್ದನ್ನು ಬಿಚ್ಚಬೇಕು.'"

"ಇದನ್ನ ಮೊದಲೇ ಹೇಳೋದಲ್ವಾ ಸಾರ್!"

"ನಾನು ಮುನ್ನುಡಿಯಿಂದ ಶುರು ಮಾಡಿದ್ನಪ್ಪ."

ಹಳೆಯದು ಹೋಯಿತು, ಹೊಸದಕ್ಕೆ ದಾರಿಯಿಲ್ಲ. ಗಂಟೆ ಮೂರು. ಸ್ಪ್ಯಾನರ್ ಜಾರಿ ಬೆರಳು ತರಚಿತು. ಟೈಲರ್ ಅಲ್ಲೇ ಅಂಗಾತ ಬಿದ್ದುಕೊಂಡು ಕಣ್ಣು ಮುಚ್ಚಿದ.

"ರೀ, ಸ್ವಲ್ಪ ಸರೀರಿ." ಹೆಂಡತಿ ಬಿಸಿನೀರಿನ ಪಾತ್ರೆ ಹಿಡಿದು ಬಗ್ಗಿದ್ದಳು. "ಇದನ್ನ ಸುರಿದು, ಒಂಚೂರು ಬಿಗಿ ಮಾಡಿ. ಆಮೇಲೆ ಬಿಚ್ಚಿ."

"ಬಿಗಿಯಾಗಿರೋದನ್ನ ಇನ್ನೂ ಬಿಗಿ ಮಾಡ್ಲಾ?"

"ಮಾಡಿ ಅಂದ್ನಲ್ಲ. ಮುನಿಸಿಕೊಂಡಿರೋರ ಹತ್ರ ಮೊದಲು ಹೂಂ ಅನ್ಬೇಕು."

ಕಿರ್ರ್ ಎಂದಿತು, ಬಿಚ್ಚಿಕೊಂಡಿತು. ಮೆಡಿಕಲ್ ಶಾಪಿನವನು ಓಡಿಹೋಗಿ ದೊಡ್ಡ ಸಿರಿಂಜು ತಂದ. ಟೈಲರ್ ತಳದ ಬೋಲ್ಟು ಬಿಗಿದು, ರೋಗಿಗೆ ಗಂಜಿ ಕುಡಿಸುವಂತೆ ಜೀಪಿಗೆ ಆಯಿಲ್ ಕುಡಿಸಿ, ಪಕ್ಕದ ಬೋಲ್ಟನ್ನೂ ಬಿಗಿದು ಎದ್ದು ನಿಲ್ಲುವಷ್ಟರಲ್ಲಿ ಮಾವ ಬಂದರು.

ಬಂದವರು ನೀರೂ ಕೇಳಲಿಲ್ಲ. ಟವೆಲ್ ಹಾಸಿ ಕೆಳಗೆ ಜಾರಿ, ಪಕ್ಕದ ಬೋಲ್ಟು ಬಿಚ್ಚಿ, ಬೆರಳು ತೂರಿಸಿದರು. ಹೊರಬಂದು ಬೆರಳನ್ನು ಉಜ್ಜಿದರು, ಮೂಸಿದರು.

"ಬಹಳ ಚೆನ್ನಾಗಿದೆ," ಎಂದರು. ಟೈಲರ್ ಉಸಿರು ಬಿಟ್ಟ. "ಮಳೆಗಾಲಕ್ಕೆ ಮುಂಚೆ ಹಾಕಿ ಏಳು ತಿಂಗಳು ಓಡಿದ ಆಯಿಲ್ ಇಷ್ಟು ಚೆನ್ನಾಗಿರಲ್ಲ. ಇವತ್ತು ಹಾಕಿದ್ದಾ?"

ಮೇಷ್ಟ್ರು ಕೈಪಿಡಿಯಲ್ಲಿ ಮುಖ ಹುದುಗಿಸಿದರು. ಟೈಲರ್ ತಲೆ ತಗ್ಗಿಸಿದ. "ತಪ್ಪಾಯ್ತು ಮಾವ. ಒಂದು ವರ್ಷಾನೂ ಮಾಡಿರಲಿಲ್ಲ."

"ನಂಗೊತ್ತಿತ್ತು. ನಿಜವಾಗ್ಲೂ ಮಾಡಿದೋನು, ಬೋಲ್ಟು ಬಿಚ್ಚೋಷ್ಟರಲ್ಲಿ ಪ್ರಾಣ ಹೋಯ್ತು ಅಂತ ಅರ್ಧ ಗಂಟೆ ಗೋಳು ಹೇಳ್ಕೋತಾನೆ. ನೀವು ಒಂದು ಸಲಾನೂ ಹೇಳ್ಲಿಲ್ಲ." ಮುದುಕರು ಮೆಲ್ಲಗೆ ನಕ್ಕರು. "ಪಾಪ, ಇವರಿಗ್ಯಾಕೆ ಈ ಹೊರೆ ಅಂತ ಇವತ್ತು ಜೀಪನ್ನ ಒಯ್ಯೋಕೇ ಬಂದೆ. ನನ್ನ ಹಳೇ ಮೆಕ್ಯಾನಿಕ್ ಗೇಟಿನ ಹತ್ರ ನಿಂತಿದಾನೆ ನೋಡಿ, ಓಡಿಸಿಕೊಂಡು ಹೋಗೋಕೆ."

ಟೈಲರನ ಮನಸ್ಸು ಹಕ್ಕಿಯಂತೆ ಹಾರಿತು. 'ಒಯ್ಯಿರಿ' ಎನ್ನಲು ಬಾಯಿ ತೆರೆದ.

ಮಾವ ಅವನ ಎರಡೂ ಕೈ ಹಿಡಿದುಕೊಂಡರು. "ಬಿಳಿ ಬಟ್ಟೆಗೆ ಒಂದು ಕಲೆ ತಾಗಿಸದ ಕೈ ಇದು. ನನ್ನ ಜೀಪಿಗೋಸ್ಕರ ಹೀಗಾಯ್ತಲ್ಲ! ಇಷ್ಟು ಜೀವ ಇಟ್ಟೋರಿಂದ ಕಿತ್ಕೊಂಡು ಹೋಗೋಕೆ ನಾನೇನು ಕಟುಕನಾ?" ಗೇಟಿನ ಕಡೆ ತಿರುಗಿ ಕೂಗಿದರು: "ನೀನು ಹೋಗಪ್ಪಾ! ಜೀಪು ಇಲ್ಲೇ ಇರುತ್ತೆ!"

ತೆರೆದ ಬಾಯನ್ನು ಟೈಲರ್ ಮುಚ್ಚಲೂ ಆಗದೆ ಹೆಂಡತಿಯತ್ತ ನೋಡಿದ. ಅವಳು ಸೆರಗು ಬಾಯಿಗೊತ್ತಿ ನಗು ತಡೆಯುತ್ತಿದ್ದಳು. ಮುದುಕರ ಮಂಜುಗಣ್ಣು ತುಂಬಿತ್ತು.

"ಥ್ಯಾಂಕ್ಸ್ ಮಾವ," ಎಂದ.

"ಇನ್ಮೇಲೆ ಪ್ರತಿ ಭಾನುವಾರ ಬರ್ತೀನಿ, ಎಲ್ಲಾ ಹೇಳ್ಕೊಡ್ತೀನಿ." ಮಾವ ಆಗಲೇ ತೋಳು ಮಡಚುತ್ತಿದ್ದರು. "ಈಗ ಹಿಂದಿನ ಆಕ್ಸಲಿನ ಆಯಿಲ್ ನೋಡೋಣ. ಮಲಗಿ ಅಳಿಯಂದ್ರೇ, ಮಲಗಿ."